ಕ್ಯಾಂಪಿಗೆ ಕಟ್ಟಿದ ಸಾಮಾನು

ಡಾಕ್ಟರಬಾಯಿ ನನ್ನ ಕೈಗೆ ಕೊಟ್ಟ ಪಟ್ಟಿಯಲ್ಲಿ ಅರವತ್ತಮೂರು ಸಾಮಾನುಗಳಿದ್ದವು. ಅವುಗಳಲ್ಲಿ ಒಂಬತ್ತು ಏನೆಂದೇ ನನಗೆ ತಿಳಿಯಲಿಲ್ಲ. ಬರೆದದ್ದು ಕನ್ನಡದಲ್ಲಿಯೇ. ಆದರೆ ಅವರು ಮೈಸೂರು ಕಡೆಯವರು, ಬೀದರಿನ ನಮ್ಮ ಮಿಶನ್ ದವಾಖಾನೆಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ‘ಪೊರಕೆ, ಎರಡು’ ಎಂದಿತ್ತು. ಪೊರಕೆ ಯಾವುದೋ ಔಷಧಿಯಿರಬೇಕೆಂದು ನಾನು ಔಷಧಿಯ ಕಪಾಟನ್ನೆಲ್ಲ ತಡಕಾಡಿದೆ. ಕೊನೆಗೆ ಸೋತು ಹೋಗಿ ಕೇಳಿದರೆ ಅವರು ಮೂಲೆಯಲ್ಲಿದ್ದ ಕಸಬರಿಗೆಯ ಕಡೆ ಬೆರಳು ಮಾಡಿದರು. ಸೌಟು, ಸೌದೆ ಎಂದು ಒಂದರ ಕೆಳಗೊಂದು ಬರೆದಿದ್ದರು. ಒಂದೇ ಸಾಮಾನನ್ನು ಮರೆತು ಎರಡು ಸಲ ಬರೆದಿದ್ದಾರೆ ಎಂದುಕೊಂಡು ಒಂದನ್ನು ಹೊಡೆದುಹಾಕಿದೆ. ಹಾಗಾಗಿ ಹಲಬರ್ಗಾದಲ್ಲಿ ನಮ್ಮ ಹತ್ತಿರ ಸಾರು ಬಡಿಸುವ ಸೌಟಿತ್ತು, ಸಾರು ಕುದಿಸಲು ಕಟ್ಟಿಗೆ ಇರಲಿಲ್ಲ.

ನನಗಾಗ ಇಪ್ಪತ್ನಾಲ್ಕು ವರ್ಷ. ನರ್ಸ್ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು; ಈಗಲೂ ಅಲ್ಲಿಯೇ ಇದೆ, ಮೂಗು ಮಾತ್ರ ಸುಕ್ಕಾಗಿದೆ. ಯಾವುದೇ ಕೆಲಸ ಕೊಟ್ಟರೂ ನನಗಿಂತ ಚೆನ್ನಾಗಿ ಮಾಡುವವರಿಲ್ಲ ಎಂಬ ಹಮ್ಮು ಬೇರೆ. ಹಾಗಾಗಿ ಹದಿನೈದು ದಿನದ ತಿರುಗಾಟಕ್ಕೆ ಸಾಮಾನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ, ಇದರಲ್ಲೇನಿದೆ, ಎರಡು ದಿನದಲ್ಲಿ ಮುಗಿಸುತ್ತೇನೆ ಎಂದು ಸೆರಗು ಸಿಕ್ಕಿಸಿ ನಿಂತೆ.

ಹಿಂದುಸ್ತಾನದ ಸೈನ್ಯ ಬಂದು ನಿಜಾಮನ ರಾಜ್ಯ ಹೋಗಿ, ಅಂದರೆ ಪೊಲೀಸ್ ಆಕ್ಷನ್ ಆಗಿ, ಒಂದು ವರ್ಷ ದಾಟಿತ್ತು. ಅದಕ್ಕೂ ಹಿಂದೆ, ರಜಾಕಾರರ ಗದ್ದಲದ ಕಾಲದಲ್ಲಿ, ದವಾಖಾನೆಯವರು ಹಳ್ಳಿ ತಿರುಗುವುದನ್ನು ಬಿಟ್ಟೇಬಿಟ್ಟಿದ್ದರು. ಒಳ್ಳೆಯ ದಿನಗಳಲ್ಲಿ ಪ್ರತಿ ಚಳಿಗಾಲ ಮೋಟಾರಿನಲ್ಲಿ ಡೇರೆ, ಮಡಚುವ ಮಂಚ, ಒಲೆ, ಔಷಧಿ ಎಲ್ಲ ತುಂಬಿಕೊಂಡು ಹೋಗಿ ಊರ ಹೊರಗೆ ಮರದ ಕೆಳಗೆ ಇಳಿಯುತ್ತಿದ್ದರಂತೆ. ಹಳಬರು ಅದಕ್ಕೆ ದೌರಾ ಎನ್ನುತ್ತಿದ್ದರು. ತಹಸೀಲ್ದಾರರು ಹೊರಟರೂ ದೌರಾ, ಪಾದ್ರಿಗಳು ಹೊರಟರೂ ದೌರಾ. ಡಾಕ್ಟರಬಾಯಿಗೆ ಆ ಶಬ್ದ ಗೊತ್ತಿರಲಿಲ್ಲ, ಅವರು ಕ್ಯಾಂಪ್ ಎಂದರು. ಮೊದಲ ಕ್ಯಾಂಪು ಹಲಬರ್ಗಾ, ಆಮೇಲೆ ಭಾಲ್ಕಿ, ಸಾಯಗಾಂವ, ಮೆಹಕರ, ತಿರುಗಿ ಬಂದು ಕಡೆಯದು ಔರಾದ. ನನಗೆ ಶಬ್ದ ಬಲು ಹಿಡಿಸಿತು. ಹೊಸ ಶಬ್ದವೂ ಹೊಸ ಸೀರೆಯ ಹಾಗೆ, ನಾಲ್ಕು ಮಂದಿಗೆ ತೋರಿಸದಿದ್ದರೆ ಸಮಾಧಾನವಿಲ್ಲ. ಅವತ್ತು ಮಧ್ಯಾಹ್ನದೊಳಗೆ ನಾನು ಕ್ಯಾಂಪ್ ಎಂದು ಎಷ್ಟು ಸಲ ಅಂದಿದ್ದೆನೋ ದೇವರಿಗೇ ಗೊತ್ತು.

ಅದರಲ್ಲಿ ಒಂದು ಸಲ ಚಾಚಾಗೆ ಅಂದೆ. ಚಾಚಾ ಎಂದರೆ ನಮ್ಮ ಮೋಟಾರಿನ ಡ್ರೈವರ್. ಐವತ್ತು ದಾಟಿದ, ಮಿತಮಾತಿನ ಮನುಷ್ಯ, ಭಾಲ್ಕಿ ಕಡೆಯ ಮುಸಲ್ಮಾನರು. ಮೊದಲು ಒಬ್ಬ ಜಾಗೀರದಾರರ ಮೋಟಾರು ಓಡಿಸುತ್ತಿದ್ದರು. ಜಾಗೀರು ಹೋಯಿತು, ಮೋಟಾರು ಮಾರಿಹೋಯಿತು, ಇವರು ಎರಡು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದರು. ದವಾಖಾನೆಯ ದೌರಾ ಅವರು ಕಂಡವರಲ್ಲ, ನಾನೂ ಕಂಡವಳಲ್ಲ.

ಓದುವವರನ್ನು ಸತಾಯಿಸುವ ಚಾಳಿ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಆ ವರ್ಷ ಕ್ಯಾಂಪು ಎಂದರೆ ಎರಡೇ ಅರ್ಥ. ಗದ್ದಲದಲ್ಲಿ ಊರು ಬಿಟ್ಟ ಹಿಂದೂಗಳು ಗಡಿಯಾಚೆ ಹೋಗಿ ಇದ್ದದ್ದು ಒಂದು ಕ್ಯಾಂಪು. ಪೊಲೀಸ್ ಆಕ್ಷನ್ ಆದ ಮೇಲೆ ಮುಸಲ್ಮಾನ ಗಂಡಸರನ್ನು ಹಿಡಿದು ಇಟ್ಟದ್ದು ಇನ್ನೊಂದು. ಚಾಚಾನ ತಮ್ಮನನ್ನು ಹಿಂದಿನ ವರ್ಷ ಹಾಗೆಯೇ ಒಯ್ದಿದ್ದರು. ವಿಚಾರಣೆ ಇದೆ, ಹಾಸಿಗೆ ಕಟ್ಟಿಕೊಂಡು ಬಾ, ಎಂಟು ಹದಿನೈದು ದಿನದ ಮಾತು ಎಂದಿದ್ದರಂತೆ. ಅವನು ಇನ್ನೂ ಬಂದಿರಲಿಲ್ಲ, ಯಾವ ಕ್ಯಾಂಪಿನಲ್ಲಿದ್ದಾನೆ ಎಂಬುದೂ ಆ ಮನೆಯವರಿಗೆ ತಿಳಿದಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಚಾಚಾನ ಹೆಂಡತಿಗೆ ಜ್ವರ ಬಂದಾಗ ನಾನೇ ಅವರ ಮನೆಗೆ ಹೋಗಿದ್ದೆ, ಆಕೆ ಮೈದುನನ ಮಾತೆತ್ತಿ ಅತ್ತಿದ್ದಳು, ನಾನೇ ನೀರು ಕುಡಿಸಿದ್ದೆ. ಇಷ್ಟು ಗೊತ್ತಿದ್ದೂ ನನ್ನ ನಾಲಿಗೆ ಹೇಗೆ ಆಡಿತು ನೋಡಿ.

ಚಾಚಾ ಮೋಟಾರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಅವಸರದಲ್ಲಿದ್ದ ನಾನು ಆ ಕಾಲುಗಳಿಗೇ ಹೇಳಿದೆ.

“ಚಾಚಾ, ನಾಡಿದ್ದ ಮುಂಜಾನೆ ಕ್ಯಾಂಪಿಗೆ ಹೋಗಬೇಕ್ರಿ. ಆರ್ಡರ್ ಆಗೇದ. ಪಟ್ಟ್ಯಾಗ ನಿಮ್ಮ ಹೆಸರೂ ಅದ. ಸಾಮಾನ ಕಟ್ಟಿ ಇಟಗೊಳ್ರಿ.”

ಪಾನಾ ತಿರುಗುವ ಸದ್ದು ನಿಂತಿತು. 

“ಎಷ್ಟ ಮಂದಿನ ಒಯ್ತಾರ್ರಿ?” ಎಂದು ಕೆಳಗಿನಿಂದಲೇ ಕೇಳಿದರು.

“ಇಲ್ಲಿಂದ ನಾಕ ಮಂದಿ.”

“ಹಾಸಿಗಿ ಒಯ್ಲಾಕ ಬಿಡ್ತಾರೇನ್ರಿ?”

“ಬಿಡೋದೇನ ಬಂತು, ಒಯ್ಯಲೇಬೇಕು. ಅಲ್ಲಿ ನಮಗ ಹಾಸಿ ಕೊಡಾವ್ರು ಯಾರ ಅದಾರ?”

“ಎಷ್ಟ ದಿನಾ ಅಂತ ಏನರ ಹೇಳ್ಯಾರೇನ್ರಿ?”

“ಹದಿನೈದ ದಿನಾ ಅಂತಾರ. ಹೆಚ್ಚರೆ ಆಗಬಹುದು, ಯಾರಿಗೊತ್ತು.”

“ಜೀ,” ಎಂದರು ಚಾಚಾ. ಪಾನಾದ ಸದ್ದು ಮತ್ತೆ ಸುರುವಾಯಿತು. ನಾನು ಪಟ್ಟಿಯ ಮೇಲೆ ‘ಡ್ರೈವರಿಗೆ ಹೇಳಿದ್ದು’ ಎಂದು ಗುರುತು ಹಾಕಿ, ಒಂದು ಕೆಲಸ ಮುಗಿಯಿತು ಎಂದು ಖುಷಿಯಿಂದ ಒಳಗೆ ಹೋದೆ.

ಅಲ್ಲಿಂದ ಮುಂದೆ ಎಲ್ಲವೂ ಗೊಂದಲವಾಗುತ್ತ ಹೋಯಿತು. ಮೊದಲನೆಯದು ಡೇರೆ. ಮೂರು ವರ್ಷ ಮಾಳಿಗೆಯಲ್ಲಿ ಬಿದ್ದಿದ್ದ ಡೇರೆಗಳನ್ನು ಅಂಗಳದಲ್ಲಿ ಬಿಚ್ಚಿದರೆ ಒಂದರಲ್ಲಿ ಇಲಿ ಸಂಸಾರ ಹೂಡಿತ್ತು. ಕಂಬಗಳು ಆರಿದ್ದವು, ಹಗ್ಗಗಳು ಇಪ್ಪತ್ತೆರಡಿದ್ದವು, ಗೂಟ ಒಂದೂ ಇರಲಿಲ್ಲ. ಗೂಟಗಳನ್ನು ಗದ್ದಲದ ವರ್ಷದಲ್ಲಿ ಯಾರೋ ಒಲೆಗೆ ಹಾಕಿದ್ದರು. ಬಡಿಗನನ್ನು ಕರೆಸಿ ಗೂಟ ಮಾಡಿಸುವಷ್ಟರಲ್ಲಿ ಕಂಬಗಳಲ್ಲಿ ಎರಡು ಒಂದಕ್ಕೊಂದು ಕೂಡುವುದಿಲ್ಲ ಎಂದು ಗೊತ್ತಾಯಿತು. ಡಾಕ್ಟರಬಾಯಿ ಬಂದು, “ಏನಮ್ಮಾ, ಇನ್ನೂ ಡೇರೇನೇ ಆಗಿಲ್ವಾ?” ಎಂದರು. ನನಗೆ ಅಳು ಬರುವುದೊಂದೇ ಬಾಕಿ.

ಎರಡನೆಯದು ಪರವಾನಗಿ. ಆ ದಿನಗಳಲ್ಲಿ ನಮ್ಮ ಮೋಟಾರು ಗಡಿಯ ಕಡೆ ಹೋಗಬೇಕಾದರೆ ಕಚೇರಿಯ ಚೀಟಿ ಬೇಕಾಗಿತ್ತು. ಅದರಲ್ಲಿ ಒಳಗೆ ಕೂಡುವ ಎಲ್ಲರ ಹೆಸರು, ತಂದೆಯ ಹೆಸರು, ವಯಸ್ಸು ಬರೆಯಬೇಕು. ಮರುದಿನ ಬೆಳಿಗ್ಗೆ ಕಾಗದ ಹಿಡಿದುಕೊಂಡು ನಾನೇ ಚಾಚಾನ ಹತ್ತಿರ ಹೋದೆ. ತಂದೆಯ ಹೆಸರು ಕೇಳಿದೆ, ಹೇಳಿದರು. ಹುಟ್ಟಿದ ಊರು ಕೇಳಿದೆ, ಹೇಳಿದರು. ಮೈಮೇಲೆ ಗುರುತು ಏನಾದರೂ ಇದೆಯೇ ಎಂದು ಕೇಳಿದೆ. ಬಲಗೈ ತೋಳು ಎತ್ತಿ ಒಂದು ಸುಟ್ಟ ಕಲೆ ತೋರಿಸಿದರು. ಆಮೇಲೆ ಎಡಗೈಯ ಹೆಬ್ಬೆಟ್ಟಿಗೆ ನಾನೇ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದೆ. ಅವರ ಕೈ ತಣ್ಣಗಿತ್ತು. ಚಳಿಗೆ ಎಂದುಕೊಂಡೆ.

“ನರ್ಸಬಾಯಿ, ನೀವೂ ಬರ್ತೀರೇನ್ರಿ?” ಎಂದು ಕೇಳಿದರು.

“ನಾನ ಬರದಿದ್ರ ಹ್ಯಾಂಗ ನಡೀತದ ಚಾಚಾ? ಅಲ್ಲಿ ಮಂದಿಗೆ ಔಷಧ ಕೊಡಾವ್ರು ಯಾರು?”

“ಹೌದ್ರಿ ಹೌದು. ಅಲ್ಲಿ ಜಡ್ಡಿನ ಮಂದಿ ಭಾಳ ಇರಬೇಕು,” ಎಂದು ಹೆಬ್ಬೆಟ್ಟಿನ ಮಸಿಯನ್ನು ಪಂಚೆಗೆ ಒರೆಸಿಕೊಂಡರು.

ನಾವು ಅಲ್ಲಿ ಹಿಡಿದಿಟ್ಟವರಿಗೆ ದವಾಖಾನೆ ಹಾಕಲು ಹೊರಟಿದ್ದೇವೆ, ಅದೇ ಗಾಡಿಯಲ್ಲಿ ತನ್ನನ್ನೂ ಒಯ್ದು ಒಪ್ಪಿಸುತ್ತಾರೆ ಎಂದು ಅವರು ತಿಳಿದಿದ್ದರು. ನಾನು ಆಡಿದ ಒಂದೊಂದು ಮಾತೂ ಅದನ್ನು ಗಟ್ಟಿ ಮಾಡುತ್ತಿತ್ತು. ಈಗ ನೆನೆದರೆ ನನಗೇ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಎನಿಸುತ್ತದೆ. ಆಗ ಮಾತ್ರ, ಈ ಚಾಚಾಗೆ ಇವತ್ತೇನಾಗಿದೆ ಎಂಬ ಕಿರಿಕಿರಿ ಅಷ್ಟೇ.

ಏಕೆಂದರೆ ಅವರು ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದರು. ಮೋಟಾರನ್ನು ತೊಳೆದರು, ಒರೆಸಿದರು, ಮತ್ತೆ ತೊಳೆದರು. ಧೂಳಿನ ದಾರಿಯಲ್ಲಿ ಹೋಗುವ ಗಾಡಿಯನ್ನು ಮದುವೆಯ ಗಾಡಿಯ ಹಾಗೆ ಹೊಳೆಯಿಸಿದರು. ನಾನು ಬಾಟಲಿಗಳಿಗೆ ಹುಲ್ಲು ಸುತ್ತುತ್ತ ಕುಳಿತಿದ್ದಾಗ ಕರೆದು, ಮುಂದಿನ ಹ್ಯಾಂಡಲ್ ತಿರುಗಿಸುವುದು ಹೇಗೆಂದು ತೋರಿಸಿದರು. “ಹಿಂಗ ಕೆಳಗಿಂದ ಮ್ಯಾಲ ಒಂದ ಝಟಕಾ ಕೊಡಬೇಕ್ರಿ. ಹೆಬ್ಬೆರಳ ಒಳಗ ಇಡಬಾರದು, ಮುರದ್ಹೋಗ್ತದ. ಹೊಸಾ ಡ್ರೈವರ್ ಬಂದ್ರ ಹೇಳ್ರಿ, ಈ ಗಾಡಿ ಮುಂಜಾನಿ ಎರಡ ಸಲಕ್ಕ ಏಳೋದಿಲ್ಲ, ಮೂರನೇದ್ದಕ್ಕ ಏಳ್ತದ.”

“ಹೊಸಾ ಡ್ರೈವರ್ ಯಾಕ ಬರ್ತಾನ ಚಾಚಾ? ಸುಮ್ಮ ಹೋಗ್ರಿ, ನನಗ ಬಾಟ್ಲಿ ಕಟ್ಟೋದದ,” ಎಂದು ಗದರಿದೆ.

ಅವತ್ತು ಸಂಜೆ ಚಾಚಿ ಬಂದಳು, ಚಾಚಾನ ಹೆಂಡತಿ. ಬಗಲಲ್ಲಿ ಒಂದು ಕೋಳಿ, ಕೈಯಲ್ಲಿ ಒಂದು ಡಬ್ಬಿ. ಕೋಳಿ ದಿನಾ ಮೊಟ್ಟೆಯಿಡುತ್ತದೆ, ಡಾಕ್ಟರಬಾಯಿಗೆ ಕೊಡಿ ಎಂದಳು. ಡಬ್ಬಿಯಲ್ಲಿ ಹುರಿದ ಕಡಲೆ, ಬೆಲ್ಲ. ಅದು ಚಾಚಾಗೆ. “ಅಲ್ಲಿ ಮನಿದ ತಿನಸು ಒಳಗ ಬಿಡ್ತಾರೇನ್ರಿ?” ಎಂದು ಕೇಳಿದಳು. ಸಾಮಾನು ಹೆಚ್ಚಾಗಿದೆ ಎಂದು ಡಾಕ್ಟರಬಾಯಿ ಗೊಣಗುತ್ತಿರುವುದು ಈಕೆಗೂ ತಿಳಿದಿರಬೇಕು ಎಂದುಕೊಂಡು ನಾನು, “ಡಾಕ್ಟರಬಾಯಿ ನೋಡದಂಗ ನಾನ ಇಡ್ತೇನಿ ತಗೋರಿ,” ಎಂದೆ. ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಒಂದು ಡಬ್ಬಿ ಕಡಲೆಗೆ ಇಷ್ಟೇಕೆ ಎಂದು ನನಗೆ ಬಗೆಹರಿಯಲಿಲ್ಲ.

“ಭೇಟಿಗೆ ಬಂದ್ರ ಬಿಡ್ತಾರೇನ್ರಿ?”

“ಅಷ್ಟ ದೂರ ಯಾಕ ಬರ್ತೀರಿ ಚಾಚಿ? ಇವತ್ತ ಒಂದ ಊರಾಗಿದ್ರ ನಾಳಿ ಮತ್ತೊಂದರಾಗ. ನಿಮಗ ಹುಡಕಲಾಕ ಸಿಗೋದಿಲ್ಲ.”

 ನನ್ನ ಮೈದುನಗೂ ಹಿಂಗೇ ಅಲ್ಲಿಂದಿಲ್ಲಿಗೆ ಒಯ್ದಾರಂತ, ಎಂದು ಬಾಯೊಳಗೇ ಅಂದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ, ಪಾಪ, ಮೈದುನನ ನೆನಪು ತೆಗೆದಳಲ್ಲ ಎಂದುಕೊಂಡೆನೇ ಹೊರತು ಎರಡನ್ನೂ ಕೂಡಿಸಿ ನೋಡಲಿಲ್ಲ. ನನ್ನ ತಲೆಯ ತುಂಬ ಗೂಟ, ಹಗ್ಗ, ಚಿಮಣಿ ಎಣ್ಣೆಯ ಡಬ್ಬ. ಆ ಸಂಜೆ ಮೂರು ಸಲ ಪೆಟ್ಟಿಗೆ ಕಟ್ಟಿ ಮೂರು ಸಲ ಬಿಚ್ಚಿದ್ದೆ. ಒಂದರೊಳಗೆ ಕತ್ತರಿ ಹೋಗಿತ್ತು, ಇನ್ನೊಂದರೊಳಗೆ ಪಟ್ಟಿಯೇ ಹೋಗಿತ್ತು.

“ನೀವ ಜೋಡಿ ಇರ್ತೀರಲ್ಲ ನರ್ಸಬಾಯಿ?” ಎಂದು ಹೊರಡುವಾಗ ಮತ್ತೆ ಕೇಳಿದಳು.

“ಇರ್ತೇನಿ ಚಾಚಿ.”

“ಹಂಗಾದ್ರ ಅಲ್ಲಾ ಅದಾನ,” ಎಂದು ಹೋದಳು. ಕೋಳಿ ನನ್ನ ಅಂಗಳದಲ್ಲಿ ಉಳಿಯಿತು.

ಹೊರಡುವ ದಿನ ಬೆಳಗಿನ ಏಳಕ್ಕೆ ಗಾಡಿ ತುಂಬಲು ಸುರು ಮಾಡಿದೆವು. ನಮ್ಮದು ಹಿಂದೆ ಕಟ್ಟಿಗೆಯ ಬಾಡಿ ಕೂಡಿಸಿದ ಹಳೆಯ ಮೋಟಾರು. ಡೇರೆಗಳು ಮೇಲೆ, ಮಂಚಗಳು ಒಂದು ಬದಿಗೆ, ಔಷಧಿ ಪೆಟ್ಟಿಗೆಗಳು ನಡುವೆ, ಪಾತ್ರೆಯ ಚೀಲ ಕಾಲ ಕೆಳಗೆ. ಮೊದಲ ಸಲ ತುಂಬಿದಾಗ ಡಾಕ್ಟರಬಾಯಿಗೆ ಕೂಡಲು ಜಾಗ ಉಳಿಯಲಿಲ್ಲ. ಎರಡನೆಯ ಸಲ ಅವರಿಗೆ ಜಾಗವಾಯಿತು, ಬಾಗಿಲು ಮುಚ್ಚಲಿಲ್ಲ. ನಮ್ಮ ಜೊತೆ ಬರುತ್ತಿದ್ದ ಕಂಪೌಂಡರು ಒಂದು ಸಲ ಒಳಗೆ ಕುಳಿತು ನೋಡಿ, ನಾನು ನಡೆದುಕೊಂಡೇ ಬರುತ್ತೇನೆ ಎಂದು ಇಳಿದುಬಿಟ್ಟರು. ಅವರನ್ನು ಮತ್ತೆ ಹತ್ತಿಸಿದ್ದಾಯಿತು.

ಆಗ ಚಾಚಾನ ಗಂಟು ಬಂತು. ಒಂದು ಚಿಕ್ಕ ಟ್ರಂಕು, ಅದರ ಮೇಲೆ ದಪ್ಪನೆಯ ಹೊಸ ಕೌದಿ. ಚಾಚಿ ಹಳೆಯ ಸೀರೆಗಳನ್ನು ಕೂಡಿಸಿ, ಎರಡು ದಿನ ಕೂತು ಹೊಲಿದದ್ದು. ಜಾಗವಿಲ್ಲದೆ ನನ್ನ ತಲೆ ಕಾದಿತ್ತು. “ಇಷ್ಟ ದಪ್ಪ ಕೌದಿ ಯಾಕ್ರಿ ಚಾಚಾ? ಒಂದ ಕಂಬಳಿ ಸಾಕು, ಇದನ್ನ ವಾಪಸ್ ಕಳಸ್ರಿ,” ಎಂದೆ. ಚಾಚಾ ಕೌದಿ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದನ್ನು ಎದೆಗೆ ಹಿಡಿದುಕೊಂಡು, “ಚಳಿ ಅದರಿ ನರ್ಸಬಾಯಿ, ನೆಲದ ಮ್ಯಾಲ ಮಲಗಸ್ತಾರಂತ,” ಎಂದಳು. “ಎಲ್ಲಾರೂ ಮಲಗತಾರ ಬಿಡ್ರಿ,” ಎಂದೆ ನಾನು. ಡಾಕ್ಟರಬಾಯಿಯ ಮಡಚುವ ಕುರ್ಚಿಗೆ, ನನ್ನ ಕನ್ನಡಿಗೆ, ಕಂಪೌಂಡರ ಹುಕ್ಕಾಕ್ಕೆ ಆ ಗಾಡಿಯಲ್ಲಿ ಜಾಗವಿತ್ತು. ಆ ಕೌದಿಗೆ ಇರಲಿಲ್ಲ. ಇದೊಂದನ್ನು ನಾನು ಯಾವ ಪ್ರಾರ್ಥನೆಯಲ್ಲೂ ಮುಚ್ಚಿಟ್ಟಿಲ್ಲ.

ಹೊರಡುವ ಮುಂಚೆ ಚಾಚಿ ಹಸಿರು ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಸುತ್ತಿ ಗಂಡನ ಬಲತೋಳಿಗೆ ಕಟ್ಟಿದಳು. ದೂರ ಹೋಗುವವರು ಸುಖವಾಗಿರಲಿ ಎಂದು ಮುಸಲ್ಮಾನರ ಮನೆಗಳಲ್ಲಿ ಕಟ್ಟುವುದು ನಾನು ಬಲ್ಲೆ. ಹಜ್ಜಿಗೆ ಹೋಗುವವರಿಗೆ ಕಟ್ಟಿದ್ದನ್ನು ನೋಡಿದ್ದೆ. ಹಲಬರ್ಗಾಕ್ಕೆ ಹೊರಟವರಿಗೆ ಕಟ್ಟಿದ್ದನ್ನು ಅವತ್ತೇ ನೋಡಿದ್ದು. ನಗು ತಡೆದುಕೊಂಡು ಗಾಡಿ ಹತ್ತಿದೆ. ಹಿಂದಿರುಗಿ ನೋಡಿದಾಗ ಚಾಚಿ ಕೌದಿಯನ್ನು ತಬ್ಬಿಕೊಂಡು ರಸ್ತೆಯ ನಡುವೆಯೇ ಕೂತಿದ್ದಳು. ನಾನು ಜಾರುತ್ತಿದ್ದ ಔಷಧಿ ಪೆಟ್ಟಿಗೆಯನ್ನು ಹಿಡಿಯಲು ತಿರುಗಿದೆ. 

 ದಾರಿಯಲ್ಲಿ ಚಾಚಾ ಗಾಡಿಯನ್ನು ಬಹಳ ನಿಧಾನ ಓಡಿಸಿದರು. ಜೋಳ ತೆನೆಗಟ್ಟಿದ ಹೊಲಗಳ ಕಡೆ ಮೇಲಿಂದ ಮೇಲೆ ನೋಡುತ್ತಿದ್ದರು. “ಸ್ವಲ್ಪ ಬೇಗ ಓಡಿಸಬಹುದಲ್ಲ?” ಎಂದು ಡಾಕ್ಟರಬಾಯಿ ಎರಡು ಸಲ ಕೇಳಿದರು. ಚಾಚಾ ಜೀ ಎಂದರು, ಬೇಗ ಓಡಿಸಲಿಲ್ಲ. ಪೆಟ್ಟಿಗೆಗಳ ನಡುವೆ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದ ನಾನು, ಇವರಿಗೆ ನಿನ್ನೆಯಿಂದ ಮೈಯಲ್ಲಿ ಹುಷಾರಿಲ್ಲವೇ, ಮಲೇರಿಯಾವೇ, ಎಂದು ಲೆಕ್ಕ ಹಾಕುತ್ತಿದ್ದೆ. ನರ್ಸಿನ ಬುದ್ಧಿ ಅಷ್ಟೇ ದೂರ ಓಡುತ್ತದೆ.

ಹಲಬರ್ಗಾದ ಹೊರಗೆ ಹುಣಸೆ ಮರಗಳ ಕೆಳಗೆ ಗಾಡಿ ನಿಂತಿತು. ಊರ ಗೌಡರು ಜಾಗ ಗುಡಿಸಿ ನೀರು ಚಿಮುಕಿಸಿ ಇಟ್ಟಿದ್ದರು. ಚಾಚಾ ಇಳಿದರು. ಚಾವಿಯನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರಬಾಯಿಗೆ ಕೊಟ್ಟರು. ತಮ್ಮ ಟ್ರಂಕನ್ನು ತೆಗೆದುಕೊಂಡು ಹೋಗಿ ಒಂದು ಮರದ ಬುಡದಲ್ಲಿ ಇಟ್ಟು, ಅದರ ಪಕ್ಕ ನೆಟ್ಟಗೆ ನಿಂತರು, ಕೈ ಕಟ್ಟಿಕೊಂಡು.

ನಾನು ಆಗಲೇ ಕೂಗಾಟ ಸುರು ಮಾಡಿದ್ದೆ. “ಚಾಚಾ, ಅಲ್ಲ್ಯಾಕ ನಿಂತೀರಿ? ಬರ್ರಿ, ಗೂಟ ಹೊಡೀರಿ, ಹೊತ್ತ ಏರ್ತದ!”

“ಬರ್ತೇನ್ರಿ. ಅವರ ಎಷ್ಟೊತ್ತಿಗಿ ಬರ್ತಾರ್ರಿ?”

“ಯಾರು?”

“ಪೊಲೀಸ್ರು. ನನಗ ಎಣಿಸಿಕೊಳ್ಳಾವ್ರು.”

ಡಾಕ್ಟರಬಾಯಿ ನನ್ನ ಮುಖ ನೋಡಿದರು. “ಏನಂತೆ? ಪೊಲೀಸರು ಯಾಕೆ ಬರ್ತಾರೆ ಇಲ್ಲಿಗೆ?” ಕಂಪೌಂಡರು ಕೈಯಲ್ಲಿದ್ದ ಕಂಬವನ್ನು ಹಾಗೇ ಹಿಡಿದು ನಿಂತರು. ಚಾಚಾ ಸುತ್ತಲೂ ಕಣ್ಣಾಡಿಸಿ, ಬಹಳ ಮೆಲ್ಲಗೆ ನನ್ನನ್ನೇ ಕೇಳಿದರು.

“ತಂತಿ ಬೇಲಿ ಕಾಣವಲ್ದು. ಕ್ಯಾಂಪು ಇನ್ನೂ ಮುಂದ ಅದೇನ್ರಿ?”

ನನಗೆ ಆ ಕ್ಷಣ ಎಲ್ಲ ತಿಳಿಯಿತು. ಹೆಬ್ಬೆಟ್ಟು, ಕೋಳಿ, ಕಡಲೆಯ ಡಬ್ಬಿ, ಎಲ್ಲ ಒಮ್ಮೆಲೇ ತಿಳಿಯಿತು. ಪಾತ್ರೆಯ ಚೀಲ ದಾಟಿ ಅವರ ಹತ್ತಿರ ಓಡಿದೆ. “ದೌರಾ ಚಾಚಾ, ದೌರಾ,” ಎಂದೆ. “ಇದು ದವಾಖಾನಿ ದೌರಾ. ಹದಿನೈದ ದಿನಾ ಊರೂರ ತಿರುಗಿ ಮನಿಗೆ ಹೋಗೋದು. ಕ್ಯಾಂಪು ಅಂದ್ರ ಇಷ್ಟೇ.” ಚಾಚಾ ನನ್ನನ್ನು ನೋಡುತ್ತಲೇ ಇದ್ದರು. ನಂಬಲಿಲ್ಲ. ನಂಬುವುದಕ್ಕೂ ಹೆದರಿದ್ದರು. ಮತ್ತೆ ಮತ್ತೆ ಹೇಳಿದೆ. ಕಂಪೌಂಡರು ಬಂದು ಅವರ ಭುಜ ಹಿಡಿದು ದಕ್ಖನಿಯಲ್ಲಿ ಹೇಳಿದರು. ಆಗ ಅವರು ಟ್ರಂಕಿನ ಮೇಲೆ ಕೂತು, ತಲೆಯ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡು, ಮಕ್ಕಳ ಹಾಗೆ ಅತ್ತರು.

“ಓಡಿ ಹೋಗಬಹುದಿತ್ತಲ್ಲ ಚಾಚಾ?” ಎಂದು ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳಿದೆ.

“ಎಲ್ಲಿಗಿ ಓಡ್ಲಿ? ಅಕೀಗಿ ಹೇಳ್ದೆ, ಮಿಲಿಟ್ರಿಯವ್ರು ಬಂದು ಎಳಕೊಂಡ ಹೋಗೋದಕಿಂತ ನರ್ಸಬಾಯಿ ಜೋಡಿ ಹೋಗೋದು ಛಲೋ. ಜಡ್ಡ ಬಿದ್ರ ಔಷಧರೆ ಕೊಡ್ತಾರ ಅಂತ.”

ಇದನ್ನು ಕೇಳಿ ನಾನು ಅತ್ತೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಅತ್ತೆ ಎನ್ನುವುದೇ ಸರಿ.

ಅಷ್ಟರಲ್ಲಿ ನೆನಪಾಯಿತು, ಬೀದರಿನಲ್ಲಿ ಚಾಚಿ ಇನ್ನೂ ಹಾಗೆಯೇ ತಿಳಿದುಕೊಂಡು ಕೂತಿದ್ದಾಳೆ. ಹದಿನೈದು ದಿನ ಹಾಗೆಯೇ ಕೂತಿರುತ್ತಾಳೆ. ನಾನು ಡಾಕ್ಟರಬಾಯಿಗೆ, ಗಾಡಿ ಈಗಲೇ ವಾಪಸು ಹೋಗಬೇಕು ಎಂದೆ. ಪೆಟ್ರೋಲು ಆಗ ಕೂಪನ್ನಿನ ಮೇಲೆ, ಅಳೆದು ತಂದದ್ದು. ಹೋಗಿ ಬಂದರೆ ಒಂದು ಊರು ಬಿಡಬೇಕಾಗುತ್ತಿತ್ತು. ಡಾಕ್ಟರಬಾಯಿ ಬಹಳ ಹೊತ್ತು ಯೋಚಿಸಲಿಲ್ಲ. “ಹೋಗಿ. ತಪ್ಪು ನಂದೂ ಇದೆ, ಆ ಮಾತು ತಂದವಳೇ ನಾನು,” ಎಂದು ಚಾವಿ ತಿರುಗಿ ಕೊಟ್ಟರು. ಸಾಮಾನೆಲ್ಲ ಮರದ ಕೆಳಗೆ ಸುರಿದು ಚಾಚಾ, ನಾನು ಇಬ್ಬರೇ ಹೊರಟೆವು. ಈ ಸಲ ಗಾಡಿ ಎಷ್ಟು ಜೋರಾಗಿ ಓಡಿತೆಂದರೆ ಖಾಲಿ ಬಾಡಿಯ ಹಲಗೆಗಳು ಬಡಿದುಕೊಂಡ ಸದ್ದಿಗೆ ದಾರಿಯ ಕುರಿಗಳೆಲ್ಲ ಹೊಲಕ್ಕೆ ನುಗ್ಗಿದವು, ಕುರಿ ಕಾಯುವವನು ನಮ್ಮ ವಂಶವನ್ನೆಲ್ಲ ಬೈದ.

ಮಧ್ಯಾಹ್ನ ಎರಡಕ್ಕೆ ಬೀದರ ಮುಟ್ಟಿದೆವು. ಚಾಚಿಯ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಓಣಿಯ ನಾಲ್ಕು ಹೆಂಗಸರು ಸಾವಿನ ಮನೆಯಲ್ಲಿ ಕೂಡುವಂತೆ ಗೋಡೆಗೆ ಒರಗಿ ಕೂತಿದ್ದರು. ಚಾಚಾ ಬಾಗಿಲಲ್ಲಿ ನಿಂತಾಗ ಚಾಚಿ ಎದ್ದು ಬಂದಳು.  ಅವರ ತೋಳನ್ನು ಮುಟ್ಟಿ ನೋಡಿ, ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಅವಸರವಸರವಾಗಿ ಎಲ್ಲ ಹೇಳಿದೆ. ಕ್ಯಾಂಪು ಎಂದರೆ ದೌರಾ, ತಪ್ಪು ನನ್ನದು, ಕ್ಷಮಾ ಮಾಡ್ರಿ ಚಾಚಿ, ಈಗ ಮತ್ತೆ ಕರಕೊಂಡು ಹೋಗಬೇಕು, ಅಲ್ಲಿ ಡೇರೆ ಹಾಕುವವರಿಲ್ಲ. ಆಕೆ ಪೂರ್ತಿ ಕೇಳಿದಳು.

“ಅವತ್ತ ನೀವು ಹೋಗೋದೊಂದೇ ಹೇಳಿದ್ರಿ ನರ್ಸಬಾಯಿ,” ಎಂದಳು. “ಬರೋದು ಹೇಳಲಿಲ್ಲ. ನಾವು ನೀರಿಗಿ ಹೋಗಬೇಕಾದ್ರೂ ಹೋಗಿ ಬರ್ತೇನಿ ಅಂತೇವಿ. ನಿಮ್ಮ ಮನ್ಯಾಗ ಅನ್ನೋದಿಲ್ಲೇನ್ರಿ?”

ಅನ್ನುತ್ತಿದ್ದೆವು. ನಮ್ಮ ಅವ್ವ, ಹೋಗ್ತೇನಿ ಎಂದಷ್ಟೇ ಅಂದು ಹೊಸ್ತಿಲು ದಾಟಿದರೆ ವಾಪಸು ಕರೆದು ಮತ್ತೆ ಅನ್ನಿಸುತ್ತಿದ್ದಳು. ಆ ಎರಡು ದಿನಗಳಲ್ಲಿ ಹೋಗಬೇಕು ಎಂದು ಎಷ್ಟು ಸಲ ಅಂದಿದ್ದೆ, ಬರಬೇಕು ಎಂದು ಒಮ್ಮೆಯೂ ಅಂದಿರಲಿಲ್ಲ.

“ಈಗ ಹೇಳ್ರಿ,” ಎಂದಳು. ಅಂಗಿಯ ತೋಳನ್ನು ಬಿಟ್ಟಿರಲಿಲ್ಲ.

“ಹೋಗಿ ಬರ್ತೇವಿ ಚಾಚಿ.”

“ಅವರ ಹೆಸರ ಹಿಡದು ಹೇಳ್ರಿ.”

ನಾನು ಚಾಚಾನ ಪೂರ್ತಿ ಹೆಸರು, ಅವರ ತಂದೆಯ ಹೆಸರು ಹಿಡಿದು, ಇವರನ್ನು ಕರಕೊಂಡು ಹೋಗಿ ಹದಿನಾರನೆಯ ದಿನ ದೀಪ ಹಚ್ಚುವ ಮೊದಲು ಇದೇ ಬಾಗಿಲಿಗೆ ಕರಕೊಂಡು ಬರ್ತೇನಿ ಎಂದೆ. ಗೋಡೆಗೆ ಒರಗಿದ್ದ ಹೆಂಗಸರು ಎದ್ದು ನಿಂತು ಕೇಳಿದರು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದೆ. ಆಗ ಆಕೆ ಅಂಗಿಯ ತೋಳನ್ನು ಬಿಟ್ಟಳು.

“ನನ್ನ ಮೈದುನ 'ಹೋಗಿ ಬರ್ತೇನಿ ಭಾಭಿ' ಅಂತ ಹೇಳೇ ಹೋಗಿದ್ದ,” ಎಂದಳು. “ಒಯ್ದವ್ರು ತಿರುಗಿ ಕರಕೊಂಡ ಬರ್ತೇವಿ ಅಂತ ಹೇಳಿರಲಿಲ್ಲ ನೋಡ್ರಿ.”

 ಚಾಚಾ ಹೊರಗೆ ಗಾಡಿಯ ಹತ್ತಿರ ಹೋಗಿ, ಹೊತ್ತಾಗ್ತದ ನರ್ಸಬಾಯಿ, ಡಾಕ್ಟರಬಾಯಿ ಡೇರೆ ಇಲ್ದ ಕೂತಿರ್ತಾರ, ಬರ್ರಿ ಎಂದು ಕರೆದರು.